‘ಸಪೋರ್ಟ್’ ಅನ್ನುವುದಕ್ಕೆಲ್ಲ ‘ಬೆಂಬಲ’ ಒಂದೇ ಸಾಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ಪ್ರೌಢಶಾಲೆಯ ಶಿಕ್ಷಕರಿಗಾಗಿ ಕಂಪ್ಯೂಟರ್ ಬಳಕೆಯ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಒಂದು ಅಧ್ಯಾಯ ‘ಸಪೋರ್ಟ್’ ಬಗ್ಗೆ. ಕಂಪನಿಯಿಂದ ಕೊಂಡ ತಂತ್ರಾಂಶ ಕೈಕೊಟ್ಟರೆ ಯಾರನ್ನು ಕೇಳಬೇಕು, ಲಿನಕ್ಸ್, ಲಿಬ್ರೆಆಫೀಸ್‌ನಂಥ ಮುಕ್ತ ತಂತ್ರಾಂಶ (ಯಾರು ಬೇಕಾದರೂ ಬಳಸಿ, ಒಳಗನ್ನು ನೋಡಿ, ತಿದ್ದಿ, ಹಂಚಬಹುದಾದದ್ದು) ಕೈಕೊಟ್ಟರೆ ಯಾರನ್ನು ಕೇಳಬೇಕು ಅನ್ನುವುದು ವಿಷಯ. ನಾಲ್ಕು ಪುಟ ಬರೆದು ಓದಿ ನೋಡಿದೆ. ‘ಬೆಂಬಲ’ 31 ಸಲ ಬಂದಿದೆ. ಕರಡನ್ನು ಓದಿದ ಗಣಿತದ ಮೇಷ್ಟ್ರೊಬ್ಬರು ಅಂಚಿನಲ್ಲಿ ಪೆನ್ಸಿಲಿನಿಂದ ಹೀಗೆ ಬರೆದಿದ್ದರು: “ಇಲ್ಲಿ ಯಾರು ಯಾರ ಬೆನ್ನಿಗೆ ನಿಂತಿದ್ದಾರೆ? ಗೊತ್ತಾಗಲಿಲ್ಲ.” ಆ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಬೆಂಬಲ ಒಳ್ಳೆಯ ಪದ. ಬೆನ್ + ಬಲ. ಬೆಂಗಾವಲು ಇದ್ದ ಹಾಗೆ, ಬೆನ್ನ ಹಿಂದೆ ನಿಂತ ಬಲ. ಪಕ್ಷೇತರ ಅಭ್ಯರ್ಥಿಗೆ ಊರಿನವರ ಬೆಂಬಲ, ಮುಷ್ಕರಕ್ಕೆ ಲಾರಿ ಮಾಲೀಕರ ಬೆಂಬಲ, ರಾಗಿಗೆ ಬೆಂಬಲ ಬೆಲೆ. ಇಲ್ಲೆಲ್ಲ ಒಬ್ಬರು ತಮ್ಮ ಕೆಲಸಕ್ಕೆ ಇಳಿದಿದ್ದಾರೆ, ಇನ್ನೊಬ್ಬರು ಹಿಂದೆ ನಿಂತಿದ್ದಾರೆ. ಆದರೆ ನಾಳೆ ಬೆಳಗ್ಗೆ ಪ್ರಶ್ನೆಪತ್ರಿಕೆ ಬೇಕು, ಪ್ರಿಂಟರ್ ಮಾತು ಕೇಳುತ್ತಿಲ್ಲ ಅನ್ನುವ ಶಿಕ್ಷಕಿಗೆ ಹಿಂದೆ ನಿಲ್ಲುವವರು ಬೇಕಿಲ್ಲ. ಪಕ್ಕದಲ್ಲಿ ಕೂತು ಏನಾಗಿದೆ ಅಂತ ನೋಡುವವರು ಬೇಕು.

ನನ್ನ ಕರಡಿನಲ್ಲಿ ಈ ಒಂದು ಪದದ ಕೆಳಗೆ ಮೂರು ಬೇರೆ ಸಂಗತಿಗಳು ಸೇರಿಕೊಂಡಿದ್ದವು. ಅವುಗಳಲ್ಲಿ ಒಂದು ಸುಲಭವಾಗಿ ಬಗೆಹರಿಯಿತು. “ಈ ತಂತ್ರಾಂಶ ಕನ್ನಡವನ್ನು ಬೆಂಬಲಿಸುತ್ತದೆ” ಅಂತ ಬರೆದಿದ್ದೆ. ಹೀಗಂದರೆ ತಂತ್ರಾಂಶ ಕನ್ನಡದ ಪರವಾಗಿ ಸಭೆಯಲ್ಲಿ ಕೈ ಎತ್ತಿದ ಹಾಗೆ ಕೇಳಿಸುತ್ತದೆ. “ಇದರಲ್ಲಿ ಕನ್ನಡ ಬರುತ್ತದೆ” ಅಂದರೆ ಸಾಕು. “ಈ ಪ್ರಿಂಟರ್ ಲಿನಕ್ಸ್‌ಗೆ ಒಗ್ಗುತ್ತದೆ” ಅಂದರೆ ಸಾಕು. ತೆರೆಯ ಮೇಲೆ ಬರುವ “ಈ ಕಡತವು ಬೆಂಬಲಿತವಾಗಿಲ್ಲ” ಎಂಬ ಸಾಲನ್ನು “ಈ ಬಗೆಯ ಕಡತ ಇಲ್ಲಿ ತೆರೆಯುವುದಿಲ್ಲ” ಅಂತ ತಿದ್ದಿದ್ದೇನೆ.

ಇನ್ನೊಂದು ಸ್ವಲ್ಪ ಕಷ್ಟದ್ದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಪೋರ್ಟ್ ಮುಗಿಯಿತು. “ಬೆಂಬಲ ಅಂತ್ಯ” ಎಂಬ ಸುದ್ದಿ ಓದಿದ ನಮ್ಮ ಬೀದಿಯ ಶಿಕ್ಷಕಿಯೊಬ್ಬರು ಸಂಜೆ ಫೋನ್ ಮಾಡಿದರು. “ನಾಳೆಯಿಂದ ಶಾಲೆಯ ಕಂಪ್ಯೂಟರ್ ಆನ್ ಆಗಲ್ವಾ? ಅಂಕಪಟ್ಟಿ ಎಲ್ಲಾ ಅದರಲ್ಲೇ ಇದೆ.” ಅವರ ದನಿಯಲ್ಲಿ ನಿಜವಾದ ಗಾಬರಿ ಇತ್ತು. ಕಂಪ್ಯೂಟರ್ ಮೊದಲಿನ ಹಾಗೇ ಆನ್ ಆಗುತ್ತದೆ, ಆದರೆ ಭದ್ರತೆಯಲ್ಲಿ ಹೊಸ ತೂತುಗಳು ಕಂಡರೆ ಮುಚ್ಚಲು ಮಾಮೂಲಿ ತೇಪೆ ಬರುವುದಿಲ್ಲ ಅಂತ ವಿವರಿಸಿದೆ. ಅವರು ಕ್ಷಣ ಸುಮ್ಮನಿದ್ದು, “ಅಂದ್ರೆ ಇನ್ಮೇಲೆ ಅದನ್ನ ಯಾರೂ ನೋಡ್ಕೊಳ್ಳಲ್ಲ ಅಂತ” ಅಂದರು.

ನನಗೆ ಬೇಕಿದ್ದ ಪದವನ್ನು ಅವರೇ ಕೊಟ್ಟರು. ನೋಡಿಕೊಳ್ಳುವುದು. ತೋಟ ಯಾರು ನೋಡ್ಕೊಳ್ತಾರೆ, ಬೋರ್‌ವೆಲ್ ಮೋಟರ್ ಯಾರು ನೋಡ್ಕೊಳ್ತಾರೆ, ವಯಸ್ಸಾದ ಅಮ್ಮನನ್ನು ಯಾರು ನೋಡ್ಕೊಳ್ತಾರೆ. ಕಾಳಜಿ, ಕೆಲಸ, ಹೊಣೆ ಮೂರೂ ಈ ಒಂದೇ ಕ್ರಿಯಾಪದದಲ್ಲಿವೆ. “ಉಬುಂಟು ಲಿನಕ್ಸ್‌ನ ದೀರ್ಘಾವಧಿ ಆವೃತ್ತಿಗಳನ್ನು 5 ವರ್ಷ ನೋಡಿಕೊಳ್ಳುತ್ತಾರೆ” ಅಂದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ. ತೊಡಕು ಏನೆಂದರೆ ಇದು ಕ್ರಿಯಾಪದ. ತಲೆಬರಹಕ್ಕೆ, ಕೋಷ್ಟಕಕ್ಕೆ ನಾಮಪದ ಬೇಕು. ‘ನಿರ್ವಹಣೆ’ ಕಚೇರಿಯ ಪದ. ‘ಉಸ್ತುವಾರಿ’ ಅಂದ ಕೂಡಲೇ ಜಿಲ್ಲಾ ಉಸ್ತುವಾರಿ ಸಚಿವರು ನೆನಪಾಗುತ್ತಾರೆ. ‘ಆರೈಕೆ’ ನನಗೆ ಇಷ್ಟ, ಆದರೆ ಅದು ಬಾಣಂತಿಗೆ, ಸಸಿಗೆ ಒಪ್ಪುವಷ್ಟು ತಂತ್ರಾಂಶಕ್ಕೆ ಒಪ್ಪುತ್ತದೆಯೇ?

ಉಳಿದಿದ್ದು ನಿಜವಾದ ತೊಡಕು. ಬಳಸುವವರು ಕೇಳುತ್ತಾರೆ, ಯಾರೋ ಉತ್ತರ ಕೊಡುತ್ತಾರೆ. ಅದಕ್ಕೆ ಏನನ್ನೋಣ?

ಹದಿನಾಲ್ಕು ವರ್ಷ ನಾನು ಹುಬ್ಬಳ್ಳಿಯ ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡಿದವನು. ನಮ್ಮಲ್ಲಿದ್ದ ಕನ್ನಡ ತಂತ್ರಾಂಶಕ್ಕೆ ಒಂದು ಡಾಂಗಲ್ ಇತ್ತು. ಹೆಬ್ಬೆರಳಿನಷ್ಟು ಉದ್ದದ ತುಂಡು. ಕಂಪ್ಯೂಟರಿನ ಹಿಂದೆ ಸಿಕ್ಕಿಸಿದರೆ ಮಾತ್ರ ತಂತ್ರಾಂಶ ತೆರೆಯುತ್ತಿತ್ತು. ಅದನ್ನು ಎಲ್ಲರೂ ‘ಲಾಕ್’ ಅನ್ನುತ್ತಿದ್ದೆವು. ಒಂದು ಮೇ ತಿಂಗಳು, ಮದುವೆ ಸೀಸನ್, ಮೇಜಿನ ಮೇಲೆ ಹನ್ನೊಂದು ಲಗ್ನಪತ್ರಿಕೆ. ಲಾಕ್ ಕೆಟ್ಟಿತು. ಕಂಪನಿಗೆ ಫೋನ್ ಮಾಡಿದರೆ ಮರ್ಯಾದೆಯಿಂದಲೇ ಮಾತಾಡಿದರು. ದೂರು ಬರೆದುಕೊಂಡರು, ಸಂಖ್ಯೆ ಕೊಟ್ಟರು. ಎರಡು ದಿನ ಬಿಟ್ಟು ಹೇಳಿದರು: “ಆ ವರ್ಷನ್‌ಗೆ ಸಪೋರ್ಟ್ ನಿಲ್ಲಿಸಿದ್ದೀವಿ ಸರ್. ಹೊಸದು ತಗೊಳ್ಳಿ.” ದುಡ್ಡು ಕೊಟ್ಟು ಕೊಂಡಿದ್ದೆವು. ಎಎಂಸಿ, ಅಂದರೆ ವರ್ಷವರ್ಷದ ನಿರ್ವಹಣೆಯ ಹಣ, ಕಟ್ಟಿದ್ದೆವು. ಹಳೆಯ ಫೈಲುಗಳೆಲ್ಲ ಕಣ್ಣೆದುರಿಗೇ ಇದ್ದವು, ತೆರೆಯಲು ಆಗಲಿಲ್ಲ. ಪತ್ರಿಕೆಗಳನ್ನೆಲ್ಲ ಪಕ್ಕದ ಅಂಗಡಿಯಲ್ಲಿ ಕೂತು ಮೊದಲಿನಿಂದ ಟೈಪ್ ಮಾಡಿದೆವು.

ಅಲ್ಲಿ ನಮಗೆ ಸಿಗುತ್ತಿದ್ದುದನ್ನು ನಾವು ‘ಸರ್ವಿಸ್’ ಅನ್ನುತ್ತಿದ್ದೆವು. ಫ್ರಿಡ್ಜ್‌ಗೆ, ಬೈಕಿಗೆ ಇರುವ ಹಾಗೆ. ಅದು ಸರಿಯಾದ ಪದ ಅಂತ ಈಗಲೂ ಅನ್ನಿಸುತ್ತದೆ. ಹಣ ಕೊಟ್ಟಿದ್ದೇವೆ, ಕರಾರು ಇದೆ, ಅವಧಿ ಇದೆ. ‘ಸೇವೆ’ ಅಂದರೂ ನಡೆಯುತ್ತದೆ.

ಈ ಲಾಕ್ ನೆನಪಿನಿಂದಲೇ, ಇಂಥ ಬೀಗ ಹಾಕಿದ ತಂತ್ರಾಂಶಕ್ಕೆ ಇಂಗ್ಲಿಷಿನಲ್ಲಿ ಅನ್ನುವ ‘ಪ್ರೊಪ್ರೈಟರಿ’ ಪದದ ಬಗ್ಗೆಯೂ ಒಂದು ಮಾತು. ‘ಸ್ವಾಮ್ಯದ ತಂತ್ರಾಂಶ’, ‘ಒಡೆತನದ ತಂತ್ರಾಂಶ’ ಅಂತ ಬರೆಯುವವರಿದ್ದಾರೆ. ಸ್ವಾಮ್ಯದ ಅಂದ ಕೂಡಲೇ ಯಾರ ಸ್ವಾಮ್ಯ ಅನ್ನುವ ಪ್ರಶ್ನೆ ಬರುತ್ತದೆ. ‘ಸರ್ಕಾರಿ ಸ್ವಾಮ್ಯದ ಬ್ಯಾಂಕ್’ ಅಂದರೆ ಪೂರ್ತಿಯಾಯಿತು, ಬರೀ ‘ಸ್ವಾಮ್ಯದ’ ಅಂದರೆ ಅರ್ಧ. ಅದಕ್ಕಿಂತ ಮುಖ್ಯವಾದದ್ದು, ಮುಕ್ತ ತಂತ್ರಾಂಶಕ್ಕೂ ಒಡೆಯರಿದ್ದಾರೆ. ಬರೆದವರ ಹಕ್ಕುಸ್ವಾಮ್ಯ ಅವರಲ್ಲೇ ಇರುತ್ತದೆ. ಆ ಹಕ್ಕಿನ ಬಲದಿಂದಲೇ ಅವರು ಎಲ್ಲರಿಗೂ ಅನುಮತಿ ಕೊಡುತ್ತಾರೆ. ಹಾಗಾಗಿ ವ್ಯತ್ಯಾಸ ಇರುವುದು ಒಡೆತನದಲ್ಲಿ ಅಲ್ಲ, ಬೀಗದಲ್ಲಿ. ‘ಖಾಸಗಿ’ ಅಂದರೆ ಅದರ ಎದುರು ಪದ ‘ಸರ್ಕಾರಿ’ ಆಗಿಬಿಡುತ್ತದೆ, ಖಾಸಗಿ ಬಸ್ಸು, ಸರ್ಕಾರಿ ಬಸ್ಸು ಇದ್ದ ಹಾಗೆ. ನಾನು ‘ಮುಚ್ಚಿದ ತಂತ್ರಾಂಶ’ ಅಂತ ಬರೆದಿದ್ದೇನೆ. ಒಪ್ಪುತ್ತೀರಾ?

ಈಗ ಮುಕ್ತ ತಂತ್ರಾಂಶದ ಕಡೆಗೆ. ತರಬೇತಿಯಲ್ಲಿ ಮೊದಲು ಬರುವ ಪ್ರಶ್ನೆ ಯಾವಾಗಲೂ ಒಂದೇ: “ಪುಕ್ಕಟೆ ಅಂದ್ಮೇಲೆ ಕೆಟ್ಟರೆ ಯಾರು ನೋಡ್ತಾರೆ?” ಈ ಅನುಮಾನದ ಬೇರು ‘ಉಚಿತ’ ಎಂಬ ಪದದಲ್ಲಿದೆ. ಮುಕ್ತ ಮತ್ತು ಉಚಿತ ಒಂದೇ ಅಂತ ತಿಳಿದಿದ್ದಾರೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಫ್ರೀ’ ಅನ್ನುವ ಒಂದೇ ಪದ, ಅವರಿಗೆ ಆ ಕಷ್ಟ ಇದೆ. ನಮಗೆ ಯಾಕೆ? ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಫೀಸು ಕಟ್ಟಿಯೇ ಸೇರುತ್ತೇವೆ. ಪಡಿತರದ ಅಕ್ಕಿ ಉಚಿತ, ಮುಕ್ತ ಮಾರುಕಟ್ಟೆಯ ಅಕ್ಕಿಗೆ ದುಡ್ಡು. ಈ ಎರಡು ಉದಾಹರಣೆ ಹೇಳಿದರೆ ಶಿಕ್ಷಕರಿಗೆ ತಟ್ಟನೆ ಹೊಳೆಯುತ್ತದೆ. ತಮಿಳರು ‘ಕಟ್ಟಟ್ರ ಮೆನ್‌ಪೊರುಳ್’ ಅನ್ನುತ್ತಾರೆ, ಕಟ್ಟಿಲ್ಲದ ತಂತ್ರಾಂಶ ಅಂತ. ಮಲಯಾಳಿಗಳಲ್ಲಿ ‘ಸ್ವತಂತ್ರ ಸಾಫ್ಟ್‌ವೇರ್’. ಇಬ್ಬರಲ್ಲೂ ಬೆಲೆಯ ಮಾತೇ ಇಲ್ಲ.

ಹಿಂದಿನ ಮಾತು ತೆಗೆದರೂ ಅಷ್ಟೇ. ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆ ಶುರುಮಾಡಿದ ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಇಮ್ಯಾಕ್ಸ್ ಎಂಬ ಬರೆದು ತಿದ್ದುವ ತಂತ್ರಾಂಶವನ್ನು ಟೇಪಿನಲ್ಲಿ ತುಂಬಿ 150 ಡಾಲರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಮುಕ್ತ, ಆದರೆ ಉಚಿತವಲ್ಲ. ಇತ್ತ ಕನ್ನಡ ಟೈಪ್ ಮಾಡಲು ನಮ್ಮ ‘ನುಡಿ’ ತಂತ್ರಾಂಶ ಎಲ್ಲರಿಗೂ ಉಚಿತವಾಗಿ ಸಿಕ್ಕಿತು, ‘ಬರಹ’ ತಂತ್ರಾಂಶವೂ ಮೊದಲು ಹಾಗೇ ಇತ್ತು. ಕನ್ನಡಿಗರಿಗೆ ಅವುಗಳಿಂದ ಆದ ಉಪಕಾರ ದೊಡ್ಡದು. ಆದರೆ ಆಗ ಅವುಗಳ ಆಕರವನ್ನು (ಸೋರ್ಸ್ ಕೋಡ್) ತೆಗೆದು ತಿದ್ದುವ ಹಾಗಿರಲಿಲ್ಲ. ಉಚಿತ, ಆದರೆ ಮುಕ್ತವಲ್ಲ. ಇನ್ನು ಸೇವೆಯ ವಿಷಯಕ್ಕೆ ಬಂದರೆ, ರೆಡ್ ಹ್ಯಾಟ್ ಕಂಪನಿ ಮುಕ್ತ ತಂತ್ರಾಂಶಕ್ಕೆ ಹಣ ಪಡೆದು ಸೇವೆ ಕೊಡುತ್ತಲೇ ಬೆಳೆದದ್ದು. 2019ರಲ್ಲಿ ಐಬಿಎಂ ಅದನ್ನು 3,400 ಕೋಟಿ ಡಾಲರ್ ಕೊಟ್ಟು ಕೊಂಡಿತು. ಎಷ್ಟೋ ಮುಕ್ತ ತಂತ್ರಾಂಶಗಳಿಗೆ ಇರುವ ಜಿಪಿಎಲ್ ಪರವಾನಗಿಯಲ್ಲಿ “ಯಾವ ಖಾತರಿಯೂ ಇಲ್ಲ” ಅಂತ ಎದ್ದು ಕಾಣುವ ಹಾಗೆ ಬರೆದಿರುವುದು ನಿಜ. ಹಣ ಪಡೆದು ಬೇಕಾದರೆ ಖಾತರಿ ಕೊಡಬಹುದು ಅಂತಲೂ ಅದರಲ್ಲೇ ಇದೆ. ಮುಚ್ಚಿದ ತಂತ್ರಾಂಶಗಳ ಕರಾರು ಓದಿದರೆ ಅಲ್ಲೂ ಸಾಮಾನ್ಯವಾಗಿ ಕಂಪನಿಯ ಹೊಣೆ ನೀವು ಕೊಟ್ಟ ಬೆಲೆಯ ಆಚೆಗೆ ಹೋಗುವುದಿಲ್ಲ.

ಆದರೆ ಹಣವಿಲ್ಲದೆ ಸಿಗುವ ಸಹಾಯವೂ ಇದೆಯಲ್ಲ. ನನ್ನ ಪದ ಸಿಕ್ಕಿಹಾಕಿಕೊಂಡಿರುವುದು ಅಲ್ಲೇ.

ಕೆಲವು ವರ್ಷಗಳ ಹಿಂದೆ ಒಂದು ಮುಕ್ತ ತಂತ್ರಾಂಶದಲ್ಲಿ ‘ರ‍್ಯಾಂಕ್’ ಅಂತ ಟೈಪ್ ಮಾಡಿದರೆ ‘ರ್ಯಾಂಕ್’ ಅಂತ ಅರ್ಕಾವೊತ್ತು ಮೂಡುತ್ತಿತ್ತು. ‘ಸೂರ್ಯ’ದಲ್ಲಿ ಅರ್ಕಾವೊತ್ತು ಸರಿ, ‘ರ‍್ಯಾಂಕ್’ನಲ್ಲಿ ತಪ್ಪು. ಪದದ ಮೊದಲಿಗೆ ಹಾಗೆ ಬರೆದರೆ ನಮ್ಮ ಕಣ್ಣಿಗೆ ಚುಚ್ಚುತ್ತದೆ, ಅಲ್ವಾ? ಆ ತಂತ್ರಾಂಶ ಬಳಸುವವರ ಬಳಗಕ್ಕೆ ಬರೆದೆ. ಮಾರನೆಯ ದಿನ ಚೆನ್ನೈ ಕಡೆಯ ಒಬ್ಬರು ಉತ್ತರಿಸಿದರು. ಅವರಿಗೆ ಕನ್ನಡ ಓದಲು ಬರುವುದಿಲ್ಲ. “ಯಾವುದು ಸರಿ, ಯಾವುದು ತಪ್ಪು ತೋರಿಸಿ” ಅಂದರು. ಬಿಳಿ ಹಾಳೆಯ ಮೇಲೆ ಎರಡನ್ನೂ ಕೈಯಲ್ಲಿ ದೊಡ್ಡದಾಗಿ ಬರೆದು, ಒಂದಕ್ಕೆ ಸರಿ ಗುರುತು, ಇನ್ನೊಂದಕ್ಕೆ ತಪ್ಪು ಗುರುತು ಹಾಕಿ ಫೋಟೋ ಕಳಿಸಿದೆ. ರ ಆದ ಮೇಲೆ ಒಂದು ಕಾಣದ ಅಕ್ಷರ ಇರುತ್ತದೆ, ಅದು ಸೊನ್ನೆ ಅಗಲದ ಜೋಡಕ (ಝೀರೋ ವಿಡ್ತ್ ಜಾಯ್ನರ್), ಇಲ್ಲಿ ಅರ್ಕಾವೊತ್ತು ಬೇಡ ಅಂತ ಹೇಳುವುದು. ತಪ್ಪು ಇದ್ದದ್ದು ತಂತ್ರಾಂಶದಲ್ಲಲ್ಲ, ಫಾಂಟಿನಲ್ಲಿ. ಆ ಫಾಂಟು ಜೋಡಕವನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಅವರೇ ಹುಡುಕಿ, ಫಾಂಟು ಮಾಡಿದವರಿಗೆ ತಿಳಿಸಿದರು. ಮುಂದಿನ ಆವೃತ್ತಿಯಲ್ಲಿ ಸರಿಹೋಯಿತು. ನಾನು ಅವರಿಗೆ ಒಂದು ಪೈಸೆ ಕೊಟ್ಟಿಲ್ಲ. ಮುಖ ನೋಡಿಲ್ಲ. ಎರಡು ತಿಂಗಳ ನಂತರ ಬೀದರಿನ ಹುಡುಗನೊಬ್ಬ ಅದೇ ಬಳಗದಲ್ಲಿ ಹಳೆಯ ನುಡಿ ಕಡತವನ್ನು ಎಲ್ಲ ಕಡೆ ನಡೆಯುವ ಯುನಿಕೋಡ್ ಅಕ್ಷರಗಳಿಗೆ ಹೇಗೆ ತರುವುದು ಅಂತ ಕೇಳಿದ. ನನಗೆ ಗೊತ್ತಿತ್ತು, ಕೂತು ವಿವರವಾಗಿ ಬರೆದೆ.

ಎಲ್ಲ ಪ್ರಶ್ನೆಗೂ ಹೀಗೆ ಉತ್ತರ ಸಿಗುತ್ತದೆ ಅಂತಲ್ಲ. ಒಂದು ಹಳೆಯ ಪ್ರಿಂಟರ್ ಬಗ್ಗೆ ನಾನು ಕೇಳಿದ್ದು ಎರಡು ವರ್ಷದಿಂದ ಹಾಗೇ ಬಿದ್ದಿದೆ. ಕೈಪಿಡಿಯಲ್ಲಿ ಅದನ್ನೂ ಬರೆದಿದ್ದೇನೆ. ಶಿಕ್ಷಕರಿಗೆ ಗೊತ್ತಿರಬೇಕು.

ಇದಕ್ಕೆ ‘ಸೇವೆ’ ಹೊಂದುವುದಿಲ್ಲ, ಕರಾರು ಇಲ್ಲವಲ್ಲ. ‘ನೆರವು’ ಹತ್ತಿರದ್ದು, ಸದ್ಯಕ್ಕೆ ಅದನ್ನೇ ಇಟ್ಟಿದ್ದೇನೆ. ಆದರೆ ನೆರವು ಅಂದರೆ ಕೊಡುವವರು ಮೇಲೆ, ಪಡೆಯುವವರು ಕೆಳಗೆ ಅನ್ನುವ ಭಾವ ಬರುತ್ತದೆ. ನೆರೆ ಸಂತ್ರಸ್ತರಿಗೆ ನೆರವು ಅಂದ ಹಾಗೆ. ಬಳಗದಲ್ಲಿ ಇವತ್ತು ಕೇಳಿದವರು ನಾಳೆ ಹೇಳುತ್ತಾರೆ. ಬಳಸುವ ಕ್ರಿಯಾಪದವೂ ಬೇರೆ. ಕಂಪನಿಗೆ ‘ದೂರು ಕೊಡುತ್ತೇವೆ’. ಇಲ್ಲಿ ‘ತಿಳಿಸುತ್ತೇವೆ’, ‘ಕೇಳುತ್ತೇವೆ’. ತೆರೆಯ ಮೇಲೆ ‘ದೋಷದ ಬಗ್ಗೆ ದೂರು ನೀಡಿ’ ಅಂತ ಇದ್ದಲ್ಲಿ ‘ಕಂಡ ತಪ್ಪನ್ನು ತಿಳಿಸಿ’ ಅಂತ ಬದಲಿಸಿದರೆ ಬರೆಯುವವರ ದನಿಯೇ ಬದಲಾಗುತ್ತದೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನನ್ನ ಅಜ್ಜನ ಊರಿನಲ್ಲಿ ‘ಮುಯ್ಯಾಳು’ ಅನ್ನುವ ಪದ್ಧತಿ ಇತ್ತು. ಇವತ್ತು ನಿಮ್ಮ ಹೊಲದ ಕಳೆಗೆ ನಾವು ಬರುತ್ತೇವೆ, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿ ಇಲ್ಲ, ಲೆಕ್ಕ ಇದೆ. ಮುಕ್ತ ತಂತ್ರಾಂಶದ ಬಳಗದಲ್ಲಿ ನಡೆಯುವುದು ಹೆಚ್ಚುಕಡಿಮೆ ಇದೇ. ಒಂದೇ ವ್ಯತ್ಯಾಸ, ಬಂದ ಮನೆಗೇ ತಿರುಗಿ ಹೋಗಬೇಕಿಲ್ಲ. ಚೆನ್ನೈನವರಿಂದ ಪಡೆದದ್ದನ್ನು ಬೀದರಿಗೆ ತೀರಿಸಿದರೂ ಆಯಿತು. ‘ಮುಯ್ಯಿ ನೆರವು’ ಅಂದರೆ ಹೇಗೆ? ಅಳುಕು ಒಂದೇ. ‘ಮುಯ್ಯಿ ತೀರಿಸಿಕೊಂಡ’ ಅಂದರೆ ಸೇಡು ಅನ್ನುವ ಅರ್ಥವೂ ಬಳಕೆಯಲ್ಲಿದೆ. ಪಟ್ಟಣದ ಎಳೆಯ ಶಿಕ್ಷಕರಿಗೆ ಆ ಅರ್ಥವೇ ಮೊದಲು ಬಂದರೆ ಕೆಲಸ ಕೆಟ್ಟಿತು.

ಹಾಗಾಗಿ ನಿಮ್ಮನ್ನು ಕೇಳುತ್ತಿದ್ದೇನೆ. ನಿಮ್ಮ ಕಡೆ ಮುಯ್ಯಾಳು ಪದ ಈಗಲೂ ಬಾಯಲ್ಲಿದೆಯೇ? ಮಲೆನಾಡು, ಕರಾವಳಿ, ಕೋಲಾರದ ಕಡೆ ಇದಕ್ಕೆ ಬೇರೆ ಹೆಸರಿದ್ದರೆ, ಸೇಡಿನ ನೆರಳಿಲ್ಲದ ಪದವಿದ್ದರೆ ದಯವಿಟ್ಟು ಬರೆಯಿರಿ. ‘ನೋಡಿಕೊಳ್ಳುವುದು’ ಅನ್ನುವುದಕ್ಕೆ ತಲೆಬರಹದಲ್ಲಿ ನಿಲ್ಲುವ ನಾಮಪದ ಹೊಳೆದರೆ ಅದನ್ನೂ ತಿಳಿಸಿ. ಈ ತಿಂಗಳ ಕೊನೆಗೆ ಪುಟಗಳು ಅಚ್ಚಿಗೆ ಹೋಗುತ್ತವೆ. ಅಲ್ಲಿಯವರೆಗೆ ಆ ಜಾಗಗಳನ್ನು ಖಾಲಿ ಬಿಟ್ಟಿರುತ್ತೇನೆ.