ಮನೇಲಿ ಕೈಮಗ್ಗ: ನೇಯ್ತಾ ನೇಯ್ತಾ ಬಟ್ಟೆ ಅಗಲ ಕಮ್ಮಿ ಆಗ್ತಿದೆ, ಏನ್ ಮಾಡೋದು?

ನೂಲಿನುಂಡೆ (ಸರಸ್ವತಿಪುರಂ, ಮೈಸೂರು):

ಎಲ್ರಿಗೂ ನಮಸ್ಕಾರ. ಮೇಜಿನ ಮೇಲೆ ಇಟ್ಕೊಂಡು ನೇಯೋ ಚಿಕ್ಕ ಮರದ ಮಗ್ಗ ತಗೊಂಡಿದೀನಿ, ಪೆಡಲ್ ಗಿಡಲ್ ಏನಿಲ್ಲ, ಅಚ್ಚನ್ನೇ (ಎಳೆ ಪೋಣಿಸೋ ಸೀಳು, ತೂತು ಇರೋ ಪಟ್ಟಿ) ಕೈಯಲ್ಲಿ ಮೇಲೆ ಕೆಳಗೆ ಮಾಡಿ ಅಡ್ಡ ನೂಲು ಸುತ್ತಿರೋ ಲಾಳಿ ತೂರಿಸೋದು, ಅಚ್ಚು ಇಂಚಿಗೆ 10 ಎಳೆಯದ್ದು. ಸದ್ಯಕ್ಕೆ ಆಸೆ ಇರೋದು ಕೈ ಒರೆಸೋ ಟವಲ್ ಅಷ್ಟೇ. ಪ್ರಾಬ್ಲಂ ಏನಂದ್ರೆ 20 ಇಂಚು ಅಗಲಕ್ಕೆ ಹಾಸು (ಉದ್ದದ ಎಳೆಗಳು) ಹಾಕ್ತೀನಿ, ಒಂದು ಗೇಣು ನೇಯೋ ಹೊತ್ತಿಗೆ ಎರಡೂ ಕಡೆ ಒಳಗೆ ಎಳ್ಕೊಂಡು 17ಕ್ಕೆ ಬಂದು ನಿಲ್ಲುತ್ತೆ, ಆಮೇಲೆ ಅಂಚಿನ ಎಳೆಗಳು ಅಚ್ಚಿಗೆ ಉಜ್ಜಿ ಉಜ್ಜಿ ಜುಂಗು ಎದ್ದು ಪಟ್ ಅಂತ ಕಿತ್ಕೊಳ್ತವೆ. ನಡುವೆ ಬಟ್ಟೆ ಜಾಳು ಜಾಳು, ಬೆರಳು ಇಟ್ರೆ ಎಳೆ ಪಕ್ಕಕ್ಕೆ ಸರಿಯುತ್ತೆ. ಯೂಟ್ಯೂಬಲ್ಲಿ ಒಬ್ರು ಅಂಚು ಬಿಗಿ ಹಿಡೀರಿ ಅಂತಾರೆ ಇನ್ನೊಬ್ರು ಮುಟ್ಲೇಬೇಡಿ ಅಂತಾರೆ. ನಮ್ಮನೆಯವರು ಇದು ಆಟದ ಸಾಮಾನು, ತಗೊಂಡ್ರೆ ದೊಡ್ಡ ಮಗ್ಗ ತಗೋ ಅಂತಿದಾರೆ, ದೊಡ್ಡದಾದ್ರೆ ಸರಿ ಹೋಗುತ್ತಾ? ಮತ್ತೆ ಮೈಸೂರು ಸುತ್ತಮುತ್ತ ಕೈಮಗ್ಗದ ನೇಯ್ಗೆ ಕೂತು ನೋಡೋ ಹಾಗೆ ಎಲ್ಲಾದ್ರೂ ಇದೆಯಾ?

ಹಾಸುಹೊಕ್ಕು:

ದೊಡ್ಡ ಮಗ್ಗ ಬೇಡ್ವೇ ಬೇಡ ಮೇಡಂ, ಈಗ ಮೂರು ಇಂಚು ಒಳಗೆ ಬರ್ತಿರೋದು ಅಲ್ಲಿ ಐದು ಇಂಚು ಬರುತ್ತೆ, ಜೊತೆಗೆ ಒಂದು ರೂಮ್ ಹೋಗುತ್ತೆ.

ಹೊಕ್ಕು ಅಂದ್ರೆ ಅಡ್ಡ ಎಳೆ, ಅದು ಹಾಸಿನ ಮೇಲೆ ಕೆಳಗೆ ಮೇಲೆ ಕೆಳಗೆ ಅಂತ ನುಸುಳಿ ಹೋಗ್ಬೇಕಲ್ವಾ, ಅದಕ್ಕೆ ಬಟ್ಟೆ ಅಗಲಕ್ಕಿಂತ ಸ್ವಲ್ಪ ಉದ್ದ ಜಾಸ್ತಿನೇ ಬೇಕು. ನೀವು ಲಾಳಿ ತೂರಿಸಿ ನೇರವಾಗಿ ಎಳೆದು ಅಚ್ಚಲ್ಲಿ ಬಡಿದ್ರೆ ಆ ಹೆಚ್ಚಿನ ಉದ್ದ ಎಲ್ಲಿಂದ ಬರ್ಬೇಕು? ಅಂಚನ್ನೇ ಒಳಗೆ ಎಳ್ಕೊಳ್ಳುತ್ತೆ. ಅದಕ್ಕೆ ಎಳೆನ ಓರೆಯಾಗಿ ಬಿಡಿ, ಇಲ್ಲಾಂದ್ರೆ ಬೆರಳಲ್ಲಿ ನಡುವೆ ಎರಡು ಮೂರು ಇಂಚು ಎತ್ತರಕ್ಕೆ ಗುಡ್ಡ ಮಾಡಿ ಆಮೇಲೆ ಅಚ್ಚು ಎಳೀರಿ. ಅಂಚಲ್ಲಿ ಹೊಕ್ಕು ಕೊನೇ ಎಳೆನ ತಬ್ಬಿರ್ಬೇಕು ಅಷ್ಟೇ, ಹಿಂಡಬಾರದು. ನೇಯ್ದಿದ್ದನ್ನ ಎರಡು ಮೂರು ಇಂಚಿಗೊಮ್ಮೆ ಸುತ್ತಿ ಮುಂದೆ ತನ್ನಿ, ಅಚ್ಚಿಗೆ ತೀರಾ ಹತ್ರ ಬರೋವರೆಗೂ ನೇಯ್ತಾ ಹೋದ್ರೆ ಬಾಯಿ (ಲಾಳಿ ತೂರೋ ಸಂದಿ) ಸರಿಯಾಗಿ ತೆರೆಯಲ್ಲ, ಆಗ ಲಾಳಿ ತೂರಿಸೋ ಆತುರಕ್ಕೆ ಕೈ ತಾನಾಗೇ ಜಗ್ಗುತ್ತೆ.

ಕೊಡಿಯಾಲದ ಹೈದ (ಶ್ರೀರಂಗಪಟ್ಟಣ ತಾಲೂಕು):

ಅಕ್ಕೋ, ಅವ್ರು ಹೇಳಿದ್ದು ದಿಟ ಕಣಕ್ಕ, ಜಗ್ಗಬ್ಯಾಡಿ. ಆದ್ರೆ ಯಾವ್ ನೂಲು ಹಾಕಿದೀರಿ ಅಂತ ಹೇಳ್ನೇ ಇಲ್ವಲ್ಲ. ಒಂಟಿ ಎಳೆ ಆಗಿದ್ರೆ ಗಂಜಿ ಇಲ್ದೆ ಹಾಸಿನ ಎಳೆಯಾಗಿ ಹಾಕಿದ್ರೆ ಕಿತ್ತೋಗದೆ ಇನ್ನೇನಾಯ್ತದೆ. ನಮ್ಮನೇಲಿ ಅನ್ನದ ಗಂಜಿ ತಿಳಿ ಮಾಡಿ ಒಸಿ ಕೊಬ್ಬರಿ ಎಣ್ಣೆ ಹಾಕಿ, ಹಾಸು ಬೀದಿ ಉದ್ದಕ್ಕೂ ಎಳ್ದು ಬ್ರಷ್ಷಲ್ಲಿ ಉಜ್ಜೋರು, ಎಳೆ ಎಳೆ ಬುಡಿಸಿ ಒಣಗಿಸೋರು. ಬೆಳಗ್ಗೆ ಬೆಳಗ್ಗೆನೇ ಮುಗಿಸ್ಬೇಕು, ಬಿಸ್ಲು ಏರಿದ್ರೆ ಅಂಗೇ ಸೆಟ್ಕೊಂಡು ಅಂಟ್ಕೊಂಬುಡ್ತದೆ.

ಇನ್ನೊಂದು, ನಮ್ ತಾತ ಗುಂಡಿ ಮಗ್ಗದಲ್ಲಿ ನೇಯೋವಾಗ ಬಟ್ಟೆ ಅಗಲಕ್ಕೆ ಒಂದು ಬಿದಿರು ದಬ್ಬೆ ಮಡಗೋರು, ಎರಡು ತುದೀಲೂ ಸೂಜಿ, ಎರಡು ಅಂಚಿಗೂ ಚುಚ್ಚಿ ಬಗ್ಗಿಸಿ ನಿಲ್ಸುದ್ರೆ ಬಟ್ಟೆ ಒಳಕ್ಕೆ ಬರಾಕೇ ಆಗ್ತಿರ್ನಿಲ್ಲ. ನೇಯ್ದಂಗೆ ನೇಯ್ದಂಗೆ ಮುಂದಕ್ಕೆ ಚುಚ್ಕೊಂಡು ಹೋಗೋದು. ಗುಂಡೀಲಿ ಯಾಕೆ ಮಗ್ಗ ಹೂಡ್ತಾರೆ ಅನ್ಕೊಂಡಿದೀರಿ, ಕಾಲಲ್ಲಿ ತುಳಿಯಾಕೆ ಜಾಗ ಬೇಕು ಅನ್ನೋದು ಒಂದು, ನೆಲದ ತಂಪು ನೂಲಿಗೆ ತಾಕ್ಲಿ ಅನ್ನೋದು ಇನ್ನೊಂದು. ಹತ್ತಿ ನೂಲು ತೇವ ಇದ್ರೆ ಗಟ್ಟಿ, ಒಣಗಿದ್ರೆ ಪಟಪಟ. ನೀವು ಮೈಸೂರಲ್ಲಿ ಮಾರ್ಚಿ ಏಪ್ರಿಲ್‌ನಾಗೆ ಫ್ಯಾನ್ ಕೆಳಗೆ ನೇಯ್ತೀನಿ ಅಂದ್ರೆ ಎಳೆ ಕಿತ್ಕೋತದೆ ಅನ್ನಂಗಿಲ್ಲ, ಇಸ್ತ್ರಿ ಮಾಡೋವಾಗ ನೀರು ಚಿಮುಕಿಸೋ ಬಾಟ್ಲಿ ಇರ್ತದಲ್ಲ ಅದ್ರಲ್ಲಿ ಅಚ್ಚಿನ ಹಿಂದ್ಗಡೆ ಒಸಿ ತೇವ ಮಾಡಿ. ಫ್ಯಾನ್ ಆಫ್ ಮಾಡಿ ಮೊದ್ಲು.

ನೂಲಿನುಂಡೆ:

ಫ್ಯಾನ್ ಫುಲ್ ಸ್ಪೀಡಲ್ಲೇ ಇರುತ್ತೆ ಅಣ್ಣ 😄 ನೂಲು ಒಂಟಿ ಎಳೆ ಅಲ್ಲ, ಲೇಬಲ್ ಮೇಲೆ 2/10 ಅಂತಿದೆ, ಕಾಟನ್. ಅಚ್ಚಲ್ಲಿ ಒಂದು ಸೀಳಿಗೆ ಒಂದು, ಒಂದು ತೂತಿಗೆ ಒಂದು ಪೋಣಿಸಿದೀನಿ. ಮಾರಿದವರು ಈ ಅಚ್ಚಿಗೆ ಯಾವ ನೂಲಾದ್ರೂ ನಡೆಯುತ್ತೆ ಅಂದಿದ್ರು.

ಲೆಕ್ಕದ ಮೇಷ್ಟ್ರು (ಮಂಡ್ಯ):

ಸಿಕ್ತು ನೋಡಿ. ಕೈಯದ್ದು ಅರ್ಧ ತಪ್ಪು, ನೂಲಿನದ್ದು ಪೂರ್ತಿ ತಪ್ಪು. ಯಾವ ನೂಲಾದ್ರೂ ನಡೆಯುತ್ತೆ ಅನ್ನೋದು ವ್ಯಾಪಾರದ ಮಾತು.

2/10 ಅಂದ್ರೆ 10ನೇ ನಂಬರಿನ ಎರಡು ಎಳೆ ಸೇರಿಸಿ ಹುರಿ ಮಾಡಿರೋದು. ನಂಬರ್ ಅಂದ್ರೆ ಒಂದು ಪೌಂಡ್ ತೂಕಕ್ಕೆ 840 ಗಜದ ಲಡಿ ಎಷ್ಟು ಬರುತ್ತೆ ಅನ್ನೋದು, 10 ಅಂದ್ರೆ 8400 ಗಜ, ಎರಡೆಳೆ ಸೇರಿದ್ರಿಂದ ಅದರ ಅರ್ಧ 4200. ನಂಬರ್ ಜಾಸ್ತಿ ಆದಷ್ಟೂ ನೂಲು ಸಣ್ಣ, ಇದು ಹೊಸಬರಿಗೆ ಉಲ್ಟಾ ಅನ್ಸುತ್ತೆ. ಈಗ ಒಂದು ಸ್ಕೇಲ್ ತಗೊಳ್ಳಿ, ನಿಮ್ಮ ನೂಲನ್ನ ಒಂದಕ್ಕೊಂದು ತಾಗೋ ಹಾಗೆ, ಹಿಂಡದೆ, ಒಂದು ಇಂಚು ಉದ್ದಕ್ಕೆ ಸುತ್ತಿ ಎಣಿಸಿ. ಬಂದ ಸಂಖ್ಯೆಯ ಅರ್ಧ ಸಾದಾ ನೇಯ್ಗೆಗೆ ಇಂಚಿಗೆ ಬೇಕಾದ ಹಾಸಿನ ಎಳೆ, ಯಾಕಂದ್ರೆ ಉಳಿದರ್ಧ ಜಾಗ ಹೊಕ್ಕಿಗೆ ಬೇಕಲ್ಲ. ಈ ನೂಲಿಗೆ 20ರ ಮೇಲೇ ಬೇಕಾಗುತ್ತೆ, ನಿಮ್ಮ ಅಚ್ಚಲ್ಲಿ ಇರೋದು 10. ಎಳೆ ಎಳೆ ಮಧ್ಯೆ ಅಷ್ಟು ಖಾಲಿ ಇದ್ರೆ ಹೊಕ್ಕು ಹಾಸನ್ನ ಎಳ್ಕೊಂಡು ಹತ್ರ ಮಾಡ್ಕೊಳ್ಳುತ್ತೆ, ಅದಕ್ಕೇ ಅಗಲ ಕಮ್ಮಿ ಆಗೋದು, ಅದಕ್ಕೇ ಜಾಳು. ಹೈದನ ಬಿದಿರು ದಬ್ಬೆ ಹಾಕಿದ್ರೆ ಅಗಲ ನಿಲ್ಲುತ್ತೆ ನಿಜ, ಆದ್ರೆ ಮಗ್ಗದಿಂದ ಇಳಿಸಿದ ಮೇಲೆ ಟವಲ್ ಅಲ್ಲ, ಸೊಳ್ಳೆ ಪರದೆ ಸಿಗೋದು.

ಎರಡು ದಾರಿ ಇದೆ. ದಪ್ಪ ನೂಲು ತರೋದು, ಇಲ್ಲಾ ಇರೋ ನೂಲನ್ನೇ ಎರಡು ಮೂರು ಎಳೆ ಒಟ್ಟಿಗೆ ಹಿಡಿದು ಒಂದೇ ಎಳೆ ಥರ ಹಾಸಿಗೂ ಹೊಕ್ಕಿಗೂ ಹಾಕೋದು. ಸ್ಕೇಲಿಗೆ ಸುತ್ತಿ ನೋಡಿ, 20ರ ಹತ್ರ ಯಾವುದು ಬರುತ್ತೋ ಅದು ನಿಮ್ಮ ಅಚ್ಚಿಗೆ ಸರಿ.

ಕೊಡಿಯಾಲದ ಹೈದ:

ಮೇಷ್ಟ್ರೇ ಸೊಳ್ಳೆ ಪರದೆ ಅಂದ್ಬುಟ್ರಲ್ಲ 😂 ನಾವು ಲೆಕ್ಕ ಹಾಕ್ತಿರ್ನಿಲ್ಲ, ಯಾವ್ ಅಚ್ಚಿಗೆ ಯಾವ್ ನೂಲು ಅಂತ ಮೊದ್ಲಿಂದ ಗೊತ್ತಿರ್ತಿತ್ತು, ಅದೇ ಅಚ್ಚು ಮಗ್ಗದಲ್ಲೇ ಇರ್ತಿತ್ತು. ಹಳೇ ಹಾಸಿನ ತುದಿಗೆ ಹೊಸ ಹಾಸು ಎಳೆ ಎಳೆ ಕೆಚ್ಚೋರು, ನಮ್ ಅಜ್ಜಿ ಬೆರಳಿಗೆ ಬೂದಿ ಮುಟ್ಟಿಸ್ಕೊಂಡು ಎರಡು ತುದಿ ಹೊಸೆದ್ರೆ ಗಂಟೂ ಕಾಣ್ತಿರ್ನಿಲ್ಲ. ಅಕ್ಕ, ನೀವೂ ಅಚ್ಚಲ್ಲಿರೋ ಹಾಸು ಪೂರ್ತಿ ಕತ್ತರಿಸಿ ಬಿಸಾಕಬ್ಯಾಡಿ, ಒಂದು ಗೇಣು ಬುಟ್ಟು ಅದಕ್ಕೇ ಹೊಸದು ಗಂಟು ಹಾಕಿ ಎಳ್ಕೊಂಡ್ರೆ ಮತ್ತೆ ಪೋಣಿಸೋ ಕೆಲ್ಸ ಉಳೀತದೆ. ಗಂಟು ಚಿಕ್ಕದಿರ್ಲಿ, ತೂತಲ್ಲಿ ನುಸುಳ್ಬೇಕು.

ಹಾಸುಹೊಕ್ಕು:

ನೋಡೋ ಜಾಗದ ಬಗ್ಗೆ ಯಾರೂ ಹೇಳ್ಲಿಲ್ಲ. ಮೈಸೂರಲ್ಲಿ ಎಲ್ರೂ ಮಾನಂದವಾಡಿ ರಸ್ತೆ ಸಿಲ್ಕ್ ಫ್ಯಾಕ್ಟರಿ ಅಂತಾರೆ, 1912ರಿಂದ ಇರೋದು, ನಾಲ್ವಡಿಯವರ ಕಾಲದ್ದು, ಸೀರೆ ಇಷ್ಟ ಇರೋರು ನೋಡ್ಲೇಬೇಕು, ಆದ್ರೆ ಅದು ಪವರ್‌ಲೂಮ್, ಆ ಸದ್ದಲ್ಲಿ ನಿಮ್ಮ ಅಂಚಿನ ಪ್ರಶ್ನೆಗೆ ಉತ್ತರ ಸಿಗಲ್ಲ. ಮೇಲುಕೋಟೆಗೆ ಹೋಗಿ. ಅಲ್ಲಿ ಜನಪದ ಸೇವಾ ಟ್ರಸ್ಟ್ ಇದೆ, ಸುರೇಂದ್ರ ಕೌಲಗಿ ಅವರು 1960ರಲ್ಲಿ ಶುರು ಮಾಡಿದ್ದು, ಖಾದಿ ಕೆಲಸ ಮಾಡ್ತಾರೆ. ನಂಜನಗೂಡು ಕಡೆ ಬದನವಾಳು ಇದೆ, 1927ರಲ್ಲಿ ಗಾಂಧೀಜಿ ಬಂದಿದ್ದ ಖಾದಿ ಕೇಂದ್ರ. ಎರಡೂ ಕಡೆ ಮೊದಲೇ ಕೇಳ್ಕೊಂಡು ಹೋಗಿ, ಅವರದ್ದು ದುಡಿಮೆ, ನಮ್ಮ ಹವ್ಯಾಸಕ್ಕೆ ಅವರ ಹೊತ್ತು ಹಾಳಾಗಬಾರದು. ಹೋದ್ರೆ ಬಟ್ಟೆ ನೋಡ್ಬೇಡಿ, ಲಾಳಿ ಆಚೆ ಬಂದ ಕ್ಷಣ ಬಡಿಯೋ ಮುಂಚೆ ಎಳೆ ಎಷ್ಟು ಸಡಿಲ ಇದೆ ಅಂತ ನೋಡಿ, ಮೊಬೈಲ್ ಜೇಬಲ್ಲಿರ್ಲಿ.

ನೂಲಿನುಂಡೆ:

ಮೇಷ್ಟ್ರೇ, ಸುತ್ತಿ ನೋಡ್ದೆ! ಒಂದೆಳೆ 44 ಸುತ್ತು, ಎರಡು ಸೇರಿಸಿದ್ರೆ 30, ಮೂರು ಸೇರಿಸಿದ್ರೆ 23. ಹಾಗಾದ್ರೆ ಮೂರೆಳೆ. ಹಾಸು ಎಷ್ಟುದ್ದ ಹಾಕ್ಲಿ, ನೂಲೆಷ್ಟು ತರ್ಲಿ? ಮತ್ತೆ ನೇಯ್ತಾ ಇರೋವಾಗ ನಡುವೆ ಎಳೆ ಕಿತ್ರೆ ಏನ್ ಮಾಡೋದು, ಅದನ್ನ ಯಾರೂ ಹೇಳಿಲ್ಲ.

ಲೆಕ್ಕದ ಮೇಷ್ಟ್ರು:

3 ಮೀಟರ್ ಹಾಕಿ. ಒಂದೊಂದೇ ಟವಲ್‌ಗೆ ಅಂತ ಚಿಕ್ಕ ಚಿಕ್ಕ ಹಾಸು ಹಾಕಿದ್ರೆ ಕೈ ಪಳಗೋದೇ ಇಲ್ಲ, ಪೋಣಿಸೋದ್ರಲ್ಲೇ ಜೀವ ಹೋಗುತ್ತೆ. ಮಗ್ಗದ ಹಿಂದೆ ಮುಂದೆ ಸೇರಿ ಅರ್ಧ ಮೀಟರ್ ವೇಸ್ಟ್, ನೇಯ್ಗೇಲಿ ಎಳೆ ಬಳುಕೋದಕ್ಕೆ ಹತ್ತರಲ್ಲೊಂದು ಭಾಗ, ಒಗೆದ ಮೇಲೆ ಇನ್ನೊಂದು ಅಷ್ಟೇ ಕುಗ್ಗಿದ್ರೆ ಹತ್ತಿರ ಹತ್ತಿರ 2 ಮೀಟರ್ ಬಟ್ಟೆ, ಮೂರು ಟವಲ್. 20 ಇಂಚಿಗೆ 200 ಜಾಗ, ಮೂರೆಳೆ ಅಂದ್ರೆ 600, 3 ಮೀಟರಿಂದ ಗುಣಿಸಿದ್ರೆ 1800 ಮೀಟರ್, ಈ ನೂಲಲ್ಲಿ ಸುಮಾರು 215 ಗ್ರಾಂ. ಹೊಕ್ಕಿಗೆ ಅದಕ್ಕಿಂತ ಸ್ವಲ್ಪ ಕಮ್ಮಿ. ಒಟ್ಟು 400 ಗ್ರಾಂ ತನ್ನಿ. ಇಂಚಿಗೆ ಹೊಕ್ಕೂ 10ರ ಆಸುಪಾಸಲ್ಲೇ ಇರ್ಲಿ, ಆಗಾಗ ಸ್ಕೇಲ್ ಇಟ್ಟು ಎಣಿಸಿ. ಒಗೆಯೋ ಮುಂಚೆ ಬಟ್ಟೆ ಚೆನ್ನಾಗಿದೆಯಾ ಇಲ್ವಾ ಅಂತ ತೀರ್ಮಾನ ಮಾಡ್ಬೇಡಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿದ ಮೇಲೇನೇ ಎಳೆಗಳು ಕೂಡ್ಕೊಳ್ಳೋದು.

ಕೊಡಿಯಾಲದ ಹೈದ:

ಎಳೆ ಕಿತ್ರೆ ಗಾಬರಿ ಬ್ಯಾಡ ಕಣಕ್ಕ. ಅದೇ ನೂಲಲ್ಲಿ ಉದ್ದಕ್ಕೆ ಒಂದು ಎಳೆ ತಗೊಳ್ಳಿ, ಕಿತ್ತೋಗಿರೋ ಜಾಗದಲ್ಲೇ ಅಚ್ಚಲ್ಲಿ ಪೋಣಿಸಿ, ನೇಯ್ದಿರೋ ಬಟ್ಟೆ ಮ್ಯಾಲೆ ಒಂದು ಗುಂಡುಸೂಜಿ ಚುಚ್ಚಿ ತುದಿನ ಅದಕ್ಕೆ ಎಂಟರ ಆಕಾರದಲ್ಲಿ ಸುತ್ತಿ. ಹಿಂದ್ಗಡೆ ತುದಿನ ಮಗ್ಗದ ಹಿಂದಕ್ಕೆ ಇಳಿಬಿಟ್ಟು ಏನಾದ್ರೂ ಭಾರ ಕಟ್ಟಿ, ಸಣ್ಣ ಔಷಧಿ ಬಾಟ್ಲಿಗೆ ಒಸಿ ನೀರು ತುಂಬಿದ್ರೂ ಆಯ್ತದೆ, ಪಕ್ಕದ ಎಳೆ ಎಷ್ಟು ಬಿಗಿ ಐತೋ ಅಷ್ಟಕ್ಕೆ ನೀರು ಹೆಚ್ಚು ಕಮ್ಮಿ ಮಾಡ್ಕೊಳ್ಳಿ. ನಾಕಿಂಚು ನೇಯ್ದ ಮ್ಯಾಲೆ ಸೂಜಿ ತೆಗೀರಿ, ಬಾಲ ಒಗೆದಾದ್ಮೇಲೆ ಕತ್ತರಿಸಿ, ಮುಂಚೆ ಕತ್ತರಿಸಿದ್ರೆ ಜಾರ್ಕೊಂಬುಡ್ತದೆ.