ಅಪ್‌ಡೇಟ್: ವಿರಾಜಪೇಟೆ ಮದುವೆಗೆ ಕ್ವಾರ್ಟೆಟ್ ಕರೆಸಿದೆವು

ಕೊಡಗಿನ ವಿರಾಜಪೇಟೆಯಲ್ಲಿ ತಂಗಿಯ ಮದುವೆಗೆ ವಾಲಗದ (ನಮ್ಮ ಸಾಂಪ್ರದಾಯಿಕ ವಾದ್ಯ ಮೇಳ) ಜೊತೆ ಬೆಂಗಳೂರಿನಿಂದ ಸ್ಟ್ರಿಂಗ್ ಕ್ವಾರ್ಟೆಟ್ (ನಾಲ್ಕು ತಂತಿವಾದ್ಯಗಳ ಪಾಶ್ಚಾತ್ಯ ಸಂಗೀತ ತಂಡ) ಕೂಡ ಕರೆಸಬಹುದಾ ಅಂತ ಕೇಳಿದ್ದೆನಲ್ಲ, ಕರೆಸಿದೆವು. ತುಂಬಾ ಚೆನ್ನಾಗಿತ್ತು!

ಎರಡು ವಯೋಲಿನ್, ವಯೋಲಿನ್‌ಗಿಂತ ಸ್ವಲ್ಪ ದೊಡ್ಡದಾದ ಒಂದು ವಿಯೋಲಾ, ಕೂತು ನುಡಿಸುವ ದೊಡ್ಡ ವಾದ್ಯ ಚೆಲ್ಲೋ ಒಂದು. ವಾಲಗ ಶುರುವಾದರೆ ಇವರ ಸದ್ದು ಯಾರಿಗೂ ಕೇಳಿಸುವುದಿಲ್ಲ, ಅದಕ್ಕೇ ಸಮಯ ಬೇರೆ ಮಾಡಿದೆವು. ನಮ್ಮ ಕೊಡವ ಮದುವೆಯ ಶಾಸ್ತ್ರಗಳಲ್ಲಿ, ಅಂದರೆ ಬಾಳೆ ದಿಂಡು ಕಡಿಯುವಾಗ, ಗಂಗೆ ಪೂಜೆಯಲ್ಲಿ ವಾಲಗ ಮಾತ್ರ, ಅದರ ಜಾಗ ಯಾರಿಗೂ ಕೊಡಬಾರದು ಅಲ್ವಾ. ನೆಂಟರು ಬರುವಾಗ ಮತ್ತು ಊಟದ ಹೊತ್ತಿಗೆ ಕ್ವಾರ್ಟೆಟ್. ಪಂದಿ ಕರಿ (ಹಂದಿ ಮಾಂಸದ ಸಾರು), ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಬಡಿಸುತ್ತಿರುವಾಗ ಚೆಲ್ಲೋ ಕೇಳುತ್ತಾ ಕೂತ ಅಜ್ಜಂದಿರು ಎದ್ದೇ ಹೋಗಲಿಲ್ಲ.

ಕರೆಸುವವರು ಒಂದು ವಿಷಯ ಮೊದಲೇ ಮಾತಾಡಿಕೊಳ್ಳಿ: ಸಂಭಾವನೆಯಲ್ಲಿ ಪ್ರಯಾಣ, ವಸತಿ ಸೇರಿದೆಯಾ ಅಂತ. ನಮಗೆ ಅದು ಬೇರೆಯೇ ಆಯಿತು, ರಾತ್ರಿ ಇಲ್ಲೇ ಉಳಿಯಬೇಕಲ್ಲ. ಕೈ ಇಲ್ಲದ ಕುರ್ಚಿ ಬೇಕು, ವಾದ್ಯದ ಬಿಲ್ಲು (ಕಮಾನು) ಆಡಿಸಲು ಜಾಗ ಬೇಕು. ಇವು ಮರದ ವಾದ್ಯಗಳು, ನಮ್ಮ ತೇವದ ಗಾಳಿಗೆ ಶ್ರುತಿ ಬದಲಾಗುತ್ತದೆ, ಹಾಗಾಗಿ ಸ್ವಲ್ಪ ಮೊದಲೇ ಬಂದು ಕೂರಲಿ. ಬಿಸಿಲು, ಮಳೆ ಎರಡೂ ಬೀಳದ ಮಾಡಿನ ಕೆಳಗೇ ಕೂರಿಸಿ. ಹೊರಗಿನ ಅಂಗಳವಾದರೆ ಮೈಕ್ ಬೇಕೇ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ನುಡಿಸುವ ಯೋಚನೆಯೇ ಬೇಡ.