ಅಪ್‌ಡೇಟ್: ಸ್ಟಾರ್ಟ್ ಆದ ಕೂಡಲೇ ಆಫ್ ಆಗುತ್ತಿದ್ದ ಎಂಜಿನ್ ಸರಿಹೋಯಿತು
ನನ್ನ ಕಾರಿನ ಈ ತೊಂದರೆ ಬಗ್ಗೆ ಹಿಂದೆ ಇಲ್ಲಿ ಸಲಹೆ ಕೇಳಿದ್ದೆ, ನೆನಪಿದೆ ಅಲ್ವಾ? ಪೆಟ್ರೋಲ್ ಕಾರು, ತಣ್ಣಗಿದ್ದಾಗ ಸ್ಟಾರ್ಟ್ ಆಗಿ ಎರಡು ಮೂರು ಸೆಕೆಂಡಿಗೆ ಆಫ್. ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದರೆ ಮಾತ್ರ ಓಡುತ್ತಿತ್ತು. ಫ್ಯುಯೆಲ್ ಪಂಪ್ ಹೋಗಿರಬೇಕು ಅಂತ ಜಾಸ್ತಿ ಜನ ಹೇಳಿದಿರಿ. ಪ್ರೆಷರ್ ಚೆಕ್ ಮಾಡಿಸಿದೆ, ಸರಿಯಾಗೇ ಇತ್ತು. ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದಿದ್ದರೆ ಎಂಜಿನ್ ಓಡದಂತೆ ತಡೆಯುವ ವ್ಯವಸ್ಥೆ) ಲೈಟೂ ಮಿನುಗುತ್ತಿರಲಿಲ್ಲ, ಹಾಗಾಗಿ ಅದರ ತೊಂದರೆಯೂ ಅಲ್ಲ ಅನ್ನಿಸಿತು.

ಆಕ್ಸಿಲರೇಟರ್ ಒತ್ತಿದರೆ ಓಡುತ್ತದೆ ಅಂದರೆ ಗಾಳಿ ಸಾಲುತ್ತಿಲ್ಲ, ಥ್ರಾಟಲ್ ಬಾಡಿ (ಎಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗ) ನೋಡಿ ಅಂತ ಒಬ್ಬರು ಹೇಳಿದ್ದರಲ್ಲ, ಅದೇ ನಿಜವಾಯಿತು. ಗಾಳಿ ಪೈಪ್ ಬಿಚ್ಚಿದರೆ ಒಳಗಿನ ತಟ್ಟೆಯ ಅಂಚಿನ ಸುತ್ತಲೂ ಕಪ್ಪು ಜಿಡ್ಡು. ಮುಟ್ಟಿದರೆ ಬೆರಳಿಗೆ ಮಸಿ ಹಾಗೆ ಅಂಟುತ್ತಿತ್ತು. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಗಾಳಿ ಹೋಗುವುದೇ ತಟ್ಟೆಯ ಅಂಚಿನ ಸಣ್ಣ ಸಂದಿಯಲ್ಲಿ, ಅದೇ ಕಟ್ಟಿಕೊಂಡಿತ್ತು. ಥ್ರಾಟಲ್ ಕ್ಲೀನರನ್ನು ಬಟ್ಟೆಗೆ ಸಿಂಪಡಿಸಿ ನಿಧಾನಕ್ಕೆ ಒರೆಸಿದೆ. ಎಲೆಕ್ಟ್ರಾನಿಕ್ ಥ್ರಾಟಲ್ ಆದ್ದರಿಂದ ತಟ್ಟೆಯನ್ನು ಕೈಯಿಂದ ತಳ್ಳಲು ಹೋಗಲಿಲ್ಲ. ಒಳಗಿನ ಗೇರಿಗೆ ಪೆಟ್ಟು ಬೀಳಬಹುದು.

ಒಂದು ವಿಷಯ ಯಾರೂ ಹೇಳಿರಲಿಲ್ಲ. ಕ್ಲೀನ್ ಮಾಡಿದ ಮೇಲೆ ಐಡಲ್‌ನಲ್ಲೂ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) 1,500ರ ಹತ್ತಿರವೇ ನಿಂತುಬಿಟ್ಟಿತು! ಸುಮ್ನೆ ಗಾಬರಿಯಾಗಬೇಡಿ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಜಿಡ್ಡಿದ್ದ ಥ್ರಾಟಲ್‌ಗೆ ಹೊಂದಿಕೊಂಡಿರುತ್ತದೆ, ಅಷ್ಟೇ. ಸ್ಕ್ಯಾನರ್ ಹಾಕಿ ಐಡಲ್ ರೀಲರ್ನ್ (ಇಸಿಯು ಐಡಲ್ ಅನ್ನು ಹೊಸದಾಗಿ ಕಲಿಯುವಂತೆ ಮಾಡುವುದು) ಮಾಡಿಸಿದೆ, 750ರ ಆಸುಪಾಸಿಗೆ ಇಳಿಯಿತು. ಈಗ ತಣ್ಣಗಿದ್ದಾಗಲೂ ಆಫ್ ಆಗುತ್ತಿಲ್ಲ. ಥ್ರಾಟಲ್ ನೋಡಿ ಅಂದವರಿಗೆ ದೊಡ್ಡ ಥ್ಯಾಂಕ್ಸ್, ಪಂಪಿನ ದುಡ್ಡು ಉಳಿಯಿತು.